ಸಾಲ ಸಲೀಸಾಗಿ ಸಿಗುವ ವರ್ಷಗಳೇ ಅಪಾಯದ ವರ್ಷಗಳು: ಆರ್‌ಬಿಐ ಬಿಗಿಯುವುದು, ಸಡಿಲಿಸುವುದು ಯಾಕೆ?

2025ರ ಫೆಬ್ರವರಿ 12ರಂದು ಕರ್ನಾಟಕದಲ್ಲಿ ಮೈಕ್ರೋಫೈನಾನ್ಸ್ ಕಿರುಕುಳ ತಡೆಯುವ ಸುಗ್ರೀವಾಜ್ಞೆಗೆ ರಾಜ್ಯಪಾಲರ ಅಂಕಿತ ಬಿತ್ತು. ಸಾಲ ವಸೂಲಿ ಮಾಡುವಾಗ ಬೆದರಿಸಿದರೆ, ಹಿಂಸೆ ಕೊಟ್ಟರೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ. ಎರಡು ವಾರ ತುಂಬುವ ಮೊದಲೇ, ಫೆಬ್ರವರಿ 25ರಂದು, ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬ್ಯಾಂಕುಗಳು ಕೊಡುವ ಮೈಕ್ರೋಫೈನಾನ್ಸ್ ಸಾಲಕ್ಕೂ, ಫೈನಾನ್ಸ್ ಕಂಪನಿಗಳಿಗೆ ಬ್ಯಾಂಕುಗಳು ಕೊಡುವ ಸಾಲಕ್ಕೂ ಇದ್ದ ಬಿಗಿ ನಿಯಮ ಸಡಿಲವಾಯಿತು.

ಸುದ್ದಿ ಓದಿದವರಿಗೆ ಗೊಂದಲ ಆಗಿದ್ದು ಸಹಜ. ಕಂತಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಡುತ್ತಿದ್ದಾರೆ ಅಂತ ಹಳೇ ಮೈಸೂರಿನ ಜಿಲ್ಲೆಗಳಿಂದ ದಿನಾ ವರದಿ ಬರುತ್ತಿತ್ತು. ಸಾಲ ಜಾಸ್ತಿಯಾಗಿದ್ದೇ ಸಮಸ್ಯೆ ಆಗಿರುವಾಗ, ಸಾಲ ಇನ್ನಷ್ಟು ಸುಲಭ ಮಾಡುವುದು ಯಾವ ಲೆಕ್ಕ? ಅದೂ ಆ ಬಿಗಿಯನ್ನು 15 ತಿಂಗಳ ಹಿಂದೆ, 2023ರ ನವೆಂಬರ್ 16ರಂದು ಹಾಕಿದ್ದು ಇದೇ ಆರ್‌ಬಿಐ. ಸಡಿಲಿಕೆ ಅಲ್ಲಿಗೆ ನಿಲ್ಲಲೂ ಇಲ್ಲ. 2025 ಮುಗಿಯುವುದರೊಳಗೆ ರೆಪೊ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, ಶೇ 6.5ರಿಂದ 5.25ಕ್ಕೆ ಇಳಿಯಿತು. ಬ್ಯಾಂಕುಗಳು ಆರ್‌ಬಿಐ ಬಳಿ ಇಡಬೇಕಾದ ನಗದು ಮೀಸಲು ಶೇ 4ರಿಂದ 3ಕ್ಕೆ ಬಂತು.

ಮೇಲ್ನೋಟಕ್ಕೆ ಇದು ಎಡಬಿಡಂಗಿ ನೀತಿ ಅನಿಸುತ್ತದೆ. ಆದರೆ ಸಾಲದ ಭರಾಟೆ ಮತ್ತು ಕುಸಿತದ ಚಕ್ರ ಹೇಗೆ ತಿರುಗುತ್ತದೆ ಅಂತ ಗೊತ್ತಾದರೆ ಬಿಗಿಯುವುದೂ ಸಡಿಲಿಸುವುದೂ ಒಂದೇ ಕೆಲಸದ ಎರಡು ಭಾಗ ಅಂತ ಕಾಣುತ್ತದೆ. ತಪ್ಪಾಗುವುದು ಬೇರೆ ಕಡೆ. ಆ ಕಡೆ ಹೆಚ್ಚು ಜನ ನೋಡುವುದಿಲ್ಲ.

ಚೆನ್ನಾಗಿರುವ ಲೆಕ್ಕ ಯಾಕೆ ಮೋಸ ಮಾಡುತ್ತದೆ

ಬಿಕ್ಕಟ್ಟು ಬಂದ ವರ್ಷ ಅದರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಅದು ಹುಟ್ಟಿರುವುದು ಅದಕ್ಕಿಂತ ಮೂರ್ನಾಲ್ಕು ವರ್ಷ ಮೊದಲು, ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದಾಗ.

ಮೈಕ್ರೋಫೈನಾನ್ಸ್‌ನಲ್ಲೇ ನೋಡಿ. 2022ರ ಮಾರ್ಚ್‌ನಲ್ಲಿ ಆರ್‌ಬಿಐ ಹೊಸ ನಿಯಮ ತಂದಿತು. ವರ್ಷಕ್ಕೆ ₹3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನವಿಲ್ಲದೆ ಸಾಲ ಕೊಡಬಹುದು. ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬಡ್ಡಿಗೆ ಮೊದಲಿದ್ದ ಮಿತಿಯನ್ನು ತೆಗೆಯಲಾಯಿತು. ಕಾಗದದ ಮೇಲೆ ಇದು ಎಚ್ಚರಿಕೆಯ ನಿಯಮವೇ.

ಊರಿನಲ್ಲಿ ಆಗುವುದು ಬೇರೆ. ತಿಂಗಳಿಗೆ ₹20,000 ಆದಾಯ ಅಂತ ಅರ್ಜಿಯಲ್ಲಿ ಬರೆದಿರುವ ಒಂದು ಮನೆ ಇದೆ ಅಂದುಕೊಳ್ಳಿ. ಕೂಲಿ, ಎರಡು ಹಸುವಿನ ಹಾಲು, ಒಂದಿಷ್ಟು ಹೊಲಿಗೆ ಎಲ್ಲ ಸೇರಿಸಿದ ಅಂದಾಜು ಅದು. ಸಂಬಳದ ಚೀಟಿ ಇಲ್ಲ, ಪರೀಕ್ಷಿಸುವ ದಾರಿಯೂ ಇಲ್ಲ. ಮೊದಲ ಕಂಪನಿ ಸಾಲ ಕೊಡುತ್ತದೆ, ಆ ಮನೆಯ ಹೆಂಗಸು ವಾರ ವಾರ ತಪ್ಪದೆ ಕಂತು ಕಟ್ಟುತ್ತಾರೆ. ಅದನ್ನು ನೋಡಿ ಎರಡನೇ ಕಂಪನಿ ಬರುತ್ತದೆ. ಮೂರನೆಯದೂ ಬರುತ್ತದೆ. ಸಾಲ ಕೊಡುವ ಹುಡುಗನಿಗೆ ತಿಂಗಳ ಟಾರ್ಗೆಟ್ ಇದೆ, ಅವನೂ ಇನ್ನೊಂದು ಗುಂಪು ಕಟ್ಟಲೇಬೇಕು. ಸ್ವಲ್ಪ ದಿನದಲ್ಲಿ ಮೊದಲನೆಯವರ ಕಂತು ಎರಡನೆಯವರ ಸಾಲದಿಂದ ಹೋಗುತ್ತಿರುತ್ತದೆ.

ಈ ಹೊತ್ತಿನಲ್ಲಿ ಮೂರೂ ಕಂಪನಿಯ ಪುಸ್ತಕ ತೆಗೆದು ನೋಡಿದರೆ ಎಲ್ಲೂ ಸುಸ್ತಿ ಇಲ್ಲ. ವಸೂಲಿ ಶೇ 98, 99. ಈ ಅಂಕಿ ತೋರಿಸಿ ಕಂಪನಿ ಬ್ಯಾಂಕಿನಿಂದ ಇನ್ನಷ್ಟು ಹಣ ತರುತ್ತದೆ, ಅದನ್ನೂ ಊರಿಗೇ ಹಂಚುತ್ತದೆ. ಸಾಲ ಜಾಸ್ತಿಯಾಗುತ್ತಿರುವುದರಿಂದಲೇ ಸಾಲ ವಾಪಸ್ ಬರುತ್ತಿದೆ ಅನ್ನುವುದು ಅಂಕಿ ಅಂಶದಲ್ಲಿ ಎಲ್ಲೂ ಕಾಣುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಹೈಮನ್ ಮಿನ್ಸ್ಕಿ ಸಾಲಗಾರರನ್ನು ಮೂರು ಬಗೆಯಾಗಿ ನೋಡಿದ್ದರು. ದುಡಿಮೆಯಿಂದಲೇ ಅಸಲು, ಬಡ್ಡಿ ಎರಡನ್ನೂ ಕಟ್ಟುವವರು. ಬಡ್ಡಿ ಮಾತ್ರ ಕಟ್ಟಿ ಅಸಲನ್ನು ಮುಂದಕ್ಕೆ ತಳ್ಳುವವರು. ಬಡ್ಡಿ ಕಟ್ಟಲಿಕ್ಕೂ ಹೊಸ ಸಾಲ ಬೇಕಾದವರು. ಒಳ್ಳೆಯ ಕಾಲ ಉದ್ದವಾದಷ್ಟೂ ಜನ, ಕಂಪನಿಗಳು ಮೊದಲ ಗುಂಪಿನಿಂದ ಮೂರನೆಯದಕ್ಕೆ ಜಾರುತ್ತಾರೆ ಅನ್ನುವುದು ಅವರ ವಾದ. ನೆಮ್ಮದಿಯೇ ಅಪಾಯ ಬೆಳೆಸುತ್ತದೆ.

ಆಮೇಲೆ ಒಂದು ಪೆಟ್ಟು ಸಾಕು. 2023ರಲ್ಲಿ ಕರ್ನಾಟಕದ 200ಕ್ಕೂ ಹೆಚ್ಚು ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಕೂಲಿ ಕಡಿಮೆಯಾಯಿತು, ಅಲ್ಲಲ್ಲಿ ಕಂತು ತಪ್ಪಿತು. 2024ರ ಹೊತ್ತಿಗೆ ಮೈಕ್ರೋಫೈನಾನ್ಸ್ ಕಂಪನಿಗಳ ಒಕ್ಕೂಟವೇ ಒಬ್ಬರಿಗೆ ಇಷ್ಟು ಕಂಪನಿಗಿಂತ ಜಾಸ್ತಿ ಸಾಲ ಕೊಡಬಾರದು ಅಂತ ಮಿತಿ ಹಾಕಿತು. ಕ್ರಮ ಸರಿಯಾಗಿತ್ತು, ಬಂದಿದ್ದು ತಡವಾಗಿ. ನಾಲ್ಕನೇ ಸಾಲದಿಂದ ಮೂರನೆಯದನ್ನು ತೀರಿಸುತ್ತಿದ್ದ ಮನೆಗೆ ಒಮ್ಮೆಲೇ ದಾರಿ ಮುಚ್ಚಿತು. ಒಂದು ಕಂಪನಿ ಹೆದರಿ ಹಿಂದೆ ಸರಿದರೆ ಉಳಿದವೂ ಸರಿಯುತ್ತವೆ. ಗುಂಪಿನಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಅನ್ನುವ ಷರತ್ತು ಇರುವುದರಿಂದ ಒಂದು ಮನೆಯ ಕಷ್ಟ ಹತ್ತು ಮನೆಗೆ ಹಬ್ಬುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಆ ಹೆಂಗಸರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಅವರ ಮನೆ ಬಾಗಿಲಿಗೆ ಸಾಲ ಹೊತ್ತು ತಂದವರ ಬಳಿ ಲೆಕ್ಕ, ಕಂಪ್ಯೂಟರ್, ಯಾರಿಗೆ ಎಷ್ಟು ಸಾಲ ಇದೆ ಅಂತ ತೋರಿಸುವ ಕ್ರೆಡಿಟ್ ಬ್ಯೂರೋ ವರದಿ ಎಲ್ಲವೂ ಇತ್ತು, ಅಲ್ವಾ?

₹9 ಕೋಟಿ, ₹11.25 ಕೋಟಿ: ಬಿಗಿ ಕೆಲಸ ಮಾಡುವ ರೀತಿ

ಭರಾಟೆಯನ್ನು ತಡೆಯಲು ಕೇಂದ್ರೀಯ ಬ್ಯಾಂಕಿನ ಬಳಿ ಎರಡು ಬಗೆಯ ಉಪಕರಣ ಇವೆ. ಬಡ್ಡಿದರ ಏರಿಸುವುದು ಒಂದು. ಅದು ಎಲ್ಲರಿಗೂ ತಾಗುತ್ತದೆ. ಪರ್ಸನಲ್ ಲೋನ್ ಮೇಲೆ ಕಣ್ಣಿಟ್ಟು ರೆಪೊ ದರ ಏರಿಸಿದರೆ ಮನೆ ಕಟ್ಟುವವರಿಗೂ ಸಣ್ಣ ಕಾರ್ಖಾನೆಗೂ ಬಿಸಿ ಮುಟ್ಟುತ್ತದೆ.

ಇನ್ನೊಂದು, ಗುರಿ ನೋಡಿ ಹೊಡೆಯುವ ಉಪಕರಣ. ಅದರಲ್ಲಿ ಮುಖ್ಯವಾದದ್ದು ರಿಸ್ಕ್ ವೇಟ್, ಅಂದರೆ ಒಂದು ಬಗೆಯ ಸಾಲ ಎಷ್ಟು ಅಪಾಯದ್ದು ಅಂತ ಅದಕ್ಕೆ ಕೊಡುವ ತೂಕ. ಬ್ಯಾಂಕ್ ಕೊಡುವ ಸಾಲದ ಹಣ ಬಹುಪಾಲು ಠೇವಣಿದಾರರದ್ದು. ಸಾಲ ಮುಳುಗಿದರೆ ಠೇವಣಿದಾರರಿಗೆ ಪೆಟ್ಟು ಬೀಳದಂತೆ ಬ್ಯಾಂಕ್ ತನ್ನದೇ ಬಂಡವಾಳವನ್ನೂ ಇಟ್ಟಿರಬೇಕು. ಭಾರತದಲ್ಲಿ ಇದರ ಮೂಲ ಪ್ರಮಾಣ ಶೇ 9. ₹100 ಕೋಟಿ ಪರ್ಸನಲ್ ಲೋನ್ ಕೊಟ್ಟರೆ, ರಿಸ್ಕ್ ವೇಟ್ ಶೇ 100 ಇದ್ದಾಗ, ₹9 ಕೋಟಿ ಬಂಡವಾಳ ಬೇಕು. ರಿಸ್ಕ್ ವೇಟ್ ಶೇ 125 ಆದರೆ ಅದೇ ಸಾಲಕ್ಕೆ ₹11.25 ಕೋಟಿ ಬೇಕು. ಬಂಡವಾಳ ಸುಮ್ನೆ ಸಿಗುವುದಿಲ್ಲ, ಷೇರುದಾರರಿಗೆ ಲಾಭ ತೋರಿಸಬೇಕು. ಹಾಗಾಗಿ ಬ್ಯಾಂಕ್ ಬಡ್ಡಿ ಏರಿಸುತ್ತದೆ, ಇಲ್ಲವೇ ಆ ಬಗೆಯ ಸಾಲವನ್ನೇ ಕಡಿಮೆ ಮಾಡುತ್ತದೆ.

2023ರ ನವೆಂಬರ್‌ನಲ್ಲಿ ಆರ್‌ಬಿಐ ಮಾಡಿದ್ದು ಇದನ್ನೇ. ಅಡಮಾನವಿಲ್ಲದ ಸಾಲ ವರ್ಷಕ್ಕೆ ಶೇ 20ಕ್ಕೂ ಜಾಸ್ತಿ ಬೆಳೆಯುತ್ತಿತ್ತು. ಪರ್ಸನಲ್ ಲೋನ್‌ನಂಥ ಸಾಲಗಳ ರಿಸ್ಕ್ ವೇಟ್ 100ರಿಂದ 125ಕ್ಕೆ, ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಸಾಲದ್ದು 125ರಿಂದ 150ಕ್ಕೆ ಏರಿತು. ಮನೆ, ವಾಹನ, ಶಿಕ್ಷಣ, ಚಿನ್ನದ ಸಾಲವನ್ನು ಮುಟ್ಟಲಿಲ್ಲ. ಬ್ಯಾಂಕಿನಿಂದ ಎನ್‌ಬಿಎಫ್‌ಸಿಗಳಿಗೆ, ಅಂದರೆ ಫೈನಾನ್ಸ್ ಕಂಪನಿಗಳಿಗೆ, ಹೋಗುವ ಸಾಲಕ್ಕೂ 25 ಅಂಶ ಸೇರಿಸಲಾಯಿತು. ಆಗ ಯಾವ ಬ್ಯಾಂಕೂ ತೊಂದರೆಯಲ್ಲಿ ಇರಲಿಲ್ಲ. ಯಾಕೀಗ ಅಂತ ಉದ್ಯಮದವರು ಕೇಳಿದರು. ತೊಂದರೆ ಇಲ್ಲದಿದ್ದಾಗಲೇ ಈ ಕೆಲಸ ಮಾಡಲು ಸಾಧ್ಯ ಅನ್ನುವುದೇ ಅದಕ್ಕೆ ಉತ್ತರ. ಸಾಲ ಮುಳುಗಲು ಶುರುವಾದ ಮೇಲೆ ಬಂಡವಾಳ ಕೇಳಿದರೆ ಬ್ಯಾಂಕ್ ಎಲ್ಲಿಂದ ತರುತ್ತದೆ?

ಮುಂಚೆಯೇ ತಡೆಯಬೇಕೋ, ಬಿದ್ದ ಮೇಲೆ ಎತ್ತಬೇಕೋ

ಈ ಪ್ರಶ್ನೆ ಮೇಲೆ ಜಗತ್ತಿನ ಕೇಂದ್ರೀಯ ಬ್ಯಾಂಕುಗಳು ದಶಕಗಳ ಕಾಲ ಕಿತ್ತಾಡಿವೆ. ಅಮೆರಿಕದ ಫೆಡರಲ್ ರಿಸರ್ವ್ ಮುಖ್ಯಸ್ಥರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ ವಾದ ಹೀಗಿತ್ತು: ಬೆಲೆ ಏರುತ್ತಿರುವಾಗ ಅದು ನಿಜವಾದ ಬೆಳವಣಿಗೆಯೋ ಗುಳ್ಳೆಯೋ ಅಂತ ಯಾರಿಗೂ ಖಚಿತವಾಗಿ ಗೊತ್ತಾಗುವುದಿಲ್ಲ. ತಪ್ಪಾಗಿ ಚುಚ್ಚಿದರೆ ಉದ್ಯೋಗ ಹೋಗುತ್ತದೆ. ಒಡೆದ ಮೇಲೆ ಬಡ್ಡಿ ಇಳಿಸಿ ಸರಿಪಡಿಸುವುದೇ ವಾಸಿ. ಎದುರಿನ ವಾದ ಬಾಸೆಲ್‌ನ ಅಂತರರಾಷ್ಟ್ರೀಯ ಪಾವತಿ ಬ್ಯಾಂಕಿನ ಅರ್ಥಶಾಸ್ತ್ರಜ್ಞರದ್ದು. ಸಾಲ ಮತ್ತು ಆಸ್ತಿ ಬೆಲೆ ಎರಡೂ ಒಟ್ಟಿಗೆ ಓಡುತ್ತಿದ್ದರೆ ಖಚಿತ ಉತ್ತರಕ್ಕೆ ಕಾಯಬೇಡಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ ಅಂತ ಅವರು ಹೇಳುತ್ತಿದ್ದರು. ಆಗ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ರಘುರಾಮ್ ರಾಜನ್ 2005ರಲ್ಲಿ, ಕೇಂದ್ರೀಯ ಬ್ಯಾಂಕುಗಳ ಮುಖ್ಯಸ್ಥರು ಸೇರುವ ಅಮೆರಿಕದ ಜಾಕ್ಸನ್ ಹೋಲ್ ಸಭೆಯಲ್ಲಿ ಇದೇ ಬಗೆಯ ಎಚ್ಚರಿಕೆ ಕೊಟ್ಟು ಟೀಕೆ ಎದುರಿಸಿದ್ದರು. 2008ರ ಅಕ್ಟೋಬರ್‌ನಲ್ಲಿ ಗ್ರೀನ್‌ಸ್ಪ್ಯಾನ್ ತಮ್ಮ ನಂಬಿಕೆಯಲ್ಲಿ ದೋಷವಿತ್ತು ಅಂತ ಅಮೆರಿಕದ ಸಂಸದರ ಮುಂದೆ ಒಪ್ಪಿಕೊಂಡರು.

ಭಾರತದಲ್ಲಿ ಮತ್ತೆ ಅದೇ ಜಗಳ ಎದ್ದಿತು. 2024ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಜಿಡಿಪಿ ಬೆಳವಣಿಗೆ ಮೊದಲ ಅಂದಾಜಿನ ಪ್ರಕಾರ ಶೇ 5.4ಕ್ಕೆ ಇಳಿಯಿತು. ಬ್ಯಾಂಕ್ ಸಾಲದ ಬೆಳವಣಿಗೆ ಸುಮಾರು ಶೇ 16ರಿಂದ ಒಂದು ವರ್ಷದಲ್ಲಿ ಸುಮಾರು ಶೇ 11ಕ್ಕೆ ಬಂತು. ಬಡ್ಡಿ ಇಳಿಸಿ ಅಂತ ಕೇಂದ್ರದ ಸಚಿವರೇ ಬಹಿರಂಗವಾಗಿ ಹೇಳಿದರು. ಬಿಗಿ ಜಾಸ್ತಿಯಾಯಿತು ಅನ್ನುವವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಬೆಳವಣಿಗೆ ಕುಸಿದರೆ ಅದರ ನೋವು ಮೊದಲು ತಟ್ಟುವುದು ದಿನಗೂಲಿಯವರಿಗೆ.

ರೆಡ್ಡಿ ಮಾಡಿದ ಅರ್ಧ, ಉಳಿದು ಹೋದ ಅರ್ಧ

ಈ ವಾದವನ್ನು ತೂಗಿ ನೋಡಲು ನಮ್ಮದೇ ಉದಾಹರಣೆ ಇದೆ. 2003ರಿಂದ 2008ರವರೆಗೆ ಆರ್‌ಬಿಐ ಗವರ್ನರ್ ಆಗಿದ್ದವರು ವೈ.ವಿ. ರೆಡ್ಡಿ. ಬ್ಯಾಂಕ್ ಸಾಲ ವರ್ಷಕ್ಕೆ ಶೇ 30ರ ಆಸುಪಾಸಿನಲ್ಲಿ ಏರುತ್ತಿದ್ದ ಕಾಲ ಅದು. ಬೆಂಗಳೂರು, ಹೈದರಾಬಾದ್, ಮುಂಬೈಯಲ್ಲಿ ನಿವೇಶನದ ಬೆಲೆಗೆ ತಲೆಬುಡ ಇರಲಿಲ್ಲ. ರೆಡ್ಡಿ ವಾಣಿಜ್ಯ ಕಟ್ಟಡಗಳ ಸಾಲದ ರಿಸ್ಕ್ ವೇಟನ್ನು 2005ರಲ್ಲಿ 125ಕ್ಕೆ, 2006ರಲ್ಲಿ 150ಕ್ಕೆ ಏರಿಸಿದರು. ಸರಿಯಾಗಿ ವಸೂಲಾಗುತ್ತಿದ್ದ ಸಾಲಕ್ಕೂ ಜಾಸ್ತಿ ಹಣ ತೆಗೆದಿಡಿ ಅಂದರು. ನಗದು ಮೀಸಲು 2008ರ ಆಗಸ್ಟ್ ಹೊತ್ತಿಗೆ ಶೇ 9 ಮುಟ್ಟಿತ್ತು. ಬೆಳವಣಿಗೆಗೆ ಅಡ್ಡಗಾಲು ಅಂತ ಬೈಸಿಕೊಂಡರು.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಗಿ ಬಿತ್ತು. ಅಷ್ಟರಲ್ಲಿ ಗವರ್ನರ್ ಆಗಿ ಡಿ. ಸುಬ್ಬರಾವ್ ಬಂದಿದ್ದರು. ಅವರು ನಗದು ಮೀಸಲನ್ನು ಶೇ 9ರಿಂದ 5ಕ್ಕೆ, ರೆಪೊ ದರವನ್ನು 9ರಿಂದ 4.75ಕ್ಕೆ ಇಳಿಸಿದರು. ರಿಸ್ಕ್ ವೇಟುಗಳೂ ಇಳಿದವು. ಅಷ್ಟೊಂದು ಇಳಿಸಲು ಸಾಧ್ಯವಾಗಿದ್ದು ಮೊದಲು ಅಷ್ಟು ಏರಿಸಿದ್ದರಿಂದ. ಭಾರತದ ಯಾವ ದೊಡ್ಡ ಬ್ಯಾಂಕೂ ಮುಳುಗಲಿಲ್ಲ.

ಈ ಕತೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಪಾಠ ಆಮೇಲಿನದು. ಬಿಕ್ಕಟ್ಟಿನ ಹೊತ್ತಿನಲ್ಲಿ ಕಂಪನಿಗಳಿಗೆ ಸಾಲದ ಅವಧಿ ವಿಸ್ತರಿಸುವ ವಿನಾಯಿತಿ ಕೊಡಲಾಗಿತ್ತು. ಹಾಗೆ ಮುಂದೂಡಿದ ಸಾಲವನ್ನು ಕೆಟ್ಟ ಸಾಲ ಅಂತ ತೋರಿಸಬೇಕಿರಲಿಲ್ಲ. ಸಂಕಟದ ಕಾಲಕ್ಕೆ ಅದು ಸರಿ. ಆದರೆ ಆ ಸೌಲಭ್ಯ ಪೂರ್ತಿ ಹೋಗಿದ್ದು 2015ರ ಏಪ್ರಿಲ್‌ನಲ್ಲಿ. ಅಷ್ಟು ವರ್ಷ ವಿದ್ಯುತ್, ಉಕ್ಕು, ರಸ್ತೆ ಯೋಜನೆಗಳಿಗೆ ಸಾಲ ಹರಿಯುತ್ತಲೇ ಇತ್ತು. ಹಳೆಯದನ್ನು ಮುಚ್ಚಲು ಹೊಸದು. ಊರಿನ ಹೆಂಗಸರು ₹50,000ಕ್ಕೆ ಮಾಡಿದ್ದನ್ನು ಇವರು ಸಾವಿರಾರು ಕೋಟಿಗೆ ಮಾಡಿದರು.

2015ರಲ್ಲಿ ರಾಜನ್ ಗವರ್ನರ್ ಆಗಿದ್ದಾಗ ಆರ್‌ಬಿಐ ಬ್ಯಾಂಕುಗಳ ಪುಸ್ತಕ ಬಿಚ್ಚಿಸಿ ನೋಡಿತು. 2018ರ ಮಾರ್ಚ್‌ಗೆ ವಸೂಲಾಗದ ಸಾಲ ಒಟ್ಟು ಸಾಲದ ಶೇ 11ರಷ್ಟಾಗಿತ್ತು. ಸರ್ಕಾರಿ ಬ್ಯಾಂಕುಗಳಿಗೆ ಬಂಡವಾಳ ತುಂಬಲು ಕೇಂದ್ರ 2017ರ ಅಕ್ಟೋಬರ್‌ನಲ್ಲಿ ₹2.11 ಲಕ್ಷ ಕೋಟಿಯ ಯೋಜನೆ ಘೋಷಿಸಬೇಕಾಯಿತು. ಅದರ ಭಾರ ತೆರಿಗೆ ಕಟ್ಟುವವರ ಮೇಲೇ ಬಿತ್ತು.

ಅಂದರೆ ಸಕಾಲದಲ್ಲಿ ಬಿಗಿದಿದ್ದರಿಂದ 2008ರಲ್ಲಿ ಉಳಿದೆವು. ಸಕಾಲದಲ್ಲಿ ಸಡಿಲಿಕೆ ವಾಪಸ್ ತೆಗೆದುಕೊಳ್ಳದ್ದರಿಂದ 2018ರಲ್ಲಿ ಸಿಕ್ಕಿಬಿದ್ದೆವು. ಬಿಗಿಯುವ ದಿನ ಟೀಕಿಸಲು ತುಂಬಾ ಜನ ಇರುತ್ತಾರೆ. ಸಡಿಲಿಕೆ ಅಗತ್ಯಕ್ಕಿಂತ ಜಾಸ್ತಿ ದಿನ ಮುಂದುವರಿದರೆ ಕೇಳುವವರೇ ಇರುವುದಿಲ್ಲ, ಯಾಕೆಂದರೆ ಅದರಿಂದ ಆ ಹೊತ್ತಿಗೆ ಎಲ್ಲರಿಗೂ ಲಾಭ.

ಹಗೇವು ತುಂಬಿಸುವ ನಿಯಮ

ಹಳೇ ಮೈಸೂರಿನ ಕಡೆ ಸುಗ್ಗಿ ಚೆನ್ನಾಗಾದ ವರ್ಷ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು, ಬರ ಬಂದಾಗ ತೆಗೆಯುತ್ತಿದ್ದರು. 2008ರ ನಂತರ ಬಂದ, ಬ್ಯಾಂಕುಗಳ ಬಂಡವಾಳ ಎಷ್ಟಿರಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಬಾಸೆಲ್ 3 ನಿಯಮಗಳಲ್ಲಿ ಇದೇ ತರ್ಕದ ಒಂದು ಏರ್ಪಾಡು ಇದೆ. ದೇಶದ ಜಿಡಿಪಿಗಿಂತ ಸಾಲ ಅತಿ ವೇಗವಾಗಿ ಬೆಳೆದರೆ ಬ್ಯಾಂಕುಗಳು ಶೇ 2.5ರವರೆಗೆ ಹೆಚ್ಚುವರಿ ಬಂಡವಾಳ ಕೂಡಿಡಬೇಕು, ಕುಸಿತ ಬಂದಾಗ ಅದನ್ನು ಬಿಡುಗಡೆ ಮಾಡಬೇಕು. ಬ್ರಿಟನ್ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಇದನ್ನು ಶೇ 1ರಿಂದ ಸೊನ್ನೆಗೆ ಇಳಿಸಿತು, 2023ರ ಜುಲೈ ಹೊತ್ತಿಗೆ ಮತ್ತೆ ಶೇ 2ಕ್ಕೆ ಏರಿಸಿತು. ಭಾರತದಲ್ಲಿ 2015ರಿಂದ ಈ ಚೌಕಟ್ಟು ಇದೆ, ಒಮ್ಮೆಯೂ ಜಾರಿ ಮಾಡಿಲ್ಲ. ನಮ್ಮಲ್ಲಿ ಒಟ್ಟು ಸಾಲದ ಅಂಕಿ ಅಷ್ಟು ಏರಿ ಕಾಣುವುದೇ ಇಲ್ಲ. ಬೆಂಕಿ ಹತ್ತುವುದು ಒಂದೊಂದು ಮೂಲೆಯಲ್ಲಿ. ಹಾಗಾಗಿ ಗುರಿ ನೋಡಿ ರಿಸ್ಕ್ ವೇಟ್ ಬದಲಿಸುವುದು ನಮಗೆ ಹೊಂದುತ್ತದೆ.

ಆದರೆ ಕೂಡಿಟ್ಟರೆ ಸಾಕು ಅಂತಲೂ ಇಲ್ಲ. ಸ್ಪೇನ್ 2000ದಲ್ಲೇ ಒಳ್ಳೆಯ ವರ್ಷಗಳಲ್ಲಿ ಹಣ ತೆಗೆದಿಡುವ ನಿಯಮ ಮಾಡಿತ್ತು. ಕಟ್ಟಡಗಳ ಭರಾಟೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿತ್ತು. ಕೊನೆಗೆ 2012ರಲ್ಲಿ ಯುರೋಪಿನಿಂದ ಸುಮಾರು 41 ಶತಕೋಟಿ ಯುರೋ ನೆರವು ತೆಗೆದುಕೊಳ್ಳಬೇಕಾಯಿತು.

ನಿಯಮದ ಹೊರಗೆ ಉಳಿದವರು

2025ರ ಫೆಬ್ರವರಿಗೆ ವಾಪಸ್ ಬರೋಣ. ರಾಜ್ಯದ ಸುಗ್ರೀವಾಜ್ಞೆ ನೋಡುತ್ತಿದ್ದುದು ಆಗಲೇ ಬಿದ್ದವರನ್ನು. ಆರ್‌ಬಿಐ ನೋಡುತ್ತಿದ್ದುದು ಸಾಲದ ಹರಿವು ಪೂರ್ತಿ ಬತ್ತಿ ಹೋಗುವ ಅಪಾಯವನ್ನು. ಎರಡೂ ನಿಜವಾದ ಅಪಾಯಗಳೇ.

2010ರಲ್ಲಿ ಆಂಧ್ರದಲ್ಲಿ ಏನಾಯಿತು ಅಂತ ನೆನಪಿಟ್ಟವರಿಗೆ ಈ ಎರಡನೇ ಭಯ ಅರ್ಥವಾಗುತ್ತದೆ. ಆತ್ಮಹತ್ಯೆಗಳ ಸುದ್ದಿಯ ನಂತರ ಆ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಕಟ್ಟುನಿಟ್ಟಿನ ಸುಗ್ರೀವಾಜ್ಞೆ ತಂದಿತು. ವಸೂಲಿ ನೆಲಕಚ್ಚಿತು, ಬ್ಯಾಂಕುಗಳು ದೇಶದೆಲ್ಲೆಡೆ ಮೈಕ್ರೋಫೈನಾನ್ಸ್‌ಗೆ ಹಣ ಕೊಡುವುದನ್ನು ನಿಲ್ಲಿಸಿದವು. ಕಿರುಕುಳ ನಿಂತಿತು, ಸಾಲವೂ ನಿಂತಿತು. ಹೆರಿಗೆಗೋ ಬಿತ್ತನೆಗೋ ಹಣ ಬೇಕಾದವರು ಮತ್ತೆ ಕೈಸಾಲ ಕೊಡುವವರ ಬಾಗಿಲಿಗೆ ಹೋದರು. ಕರ್ನಾಟಕದಲ್ಲೂ ಅದಕ್ಕೂ ಒಂದು ವರ್ಷ ಮೊದಲು ಕೋಲಾರ, ಶಿಡ್ಲಘಟ್ಟ, ರಾಮನಗರದಂಥ ರೇಷ್ಮೆ ಪಟ್ಟಣಗಳಲ್ಲಿ ಗುಂಪುಗುಂಪಾಗಿ ಕಂತು ನಿಂತಿತ್ತು.

ಕರ್ನಾಟಕದ ಕಾನೂನು ಆಂಧ್ರದ್ದಕ್ಕಿಂತ ಸ್ವಲ್ಪ ಹುಷಾರಾಗಿದೆ. ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಮಾತ್ರ ಮನ್ನಾ. ಆರ್‌ಬಿಐ ನೋಂದಣಿ ಇರುವವರ ಸಾಲ ಉಳಿಯುತ್ತದೆ, ಅವರು ಹಿಂಸೆ ಮಾಡುವಂತಿಲ್ಲ. ಈ ವ್ಯತ್ಯಾಸ ಮುಖ್ಯ. ಯಾಕೆಂದರೆ ಆರ್‌ಬಿಐ ಬಿಗಿದಾಗಲೆಲ್ಲ ಬೇಡಿಕೆ ಮಾಯವಾಗುವುದಿಲ್ಲ, ಅದು ಮೀಟರ್ ಬಡ್ಡಿಯವರ ಕಡೆ, ಯಾರದೆಂದೇ ಗೊತ್ತಿಲ್ಲದ ಲೋನ್ ಆ್ಯಪ್‌ಗಳ ಕಡೆ ತಿರುಗುತ್ತದೆ. ಅಲ್ಲಿ ರಿಸ್ಕ್ ವೇಟ್ ನಡೆಯುವುದಿಲ್ಲ. ಪೊಲೀಸ್ ಠಾಣೆ ಮಾತ್ರ ನಡೆಯುತ್ತದೆ.

ಸಡಿಲಿಕೆಗೆ ಕೊನೆಯ ದಿನ ಇದೆಯೇ?

ಆರ್‌ಬಿಐ 2025ರಲ್ಲಿ ಎಲ್ಲವನ್ನೂ ಬಿಟ್ಟುಕೊಡಲಿಲ್ಲ. ಪರ್ಸನಲ್ ಲೋನ್ ಮೇಲಿನ ಶೇ 125 ಹಾಗೇ ಉಳಿಯಿತು. ಅದು ಒಳ್ಳೆಯ ನಿರ್ಧಾರ. ಈಗ ಗಮನ ಇರಬೇಕಾದ್ದು 2023ರಲ್ಲಿ ಮುಟ್ಟದೆ ಬಿಟ್ಟ ಜಾಗದ ಮೇಲೆ, ಚಿನ್ನದ ಸಾಲದ ಮೇಲೆ.

ಅಡಮಾನವಿಲ್ಲದ ಸಾಲ ಕಷ್ಟವಾದಾಗ ಜನ ಮನೆಯ ಚಿನ್ನ ತೆಗೆದರು. ಹತ್ತು ಗ್ರಾಂ ಚಿನ್ನ 2025ರಲ್ಲಿ ₹1 ಲಕ್ಷ ದಾಟಿತು. ಬ್ಯಾಂಕುಗಳ ಚಿನ್ನದ ಸಾಲ ವರ್ಷದಲ್ಲಿ ದುಪ್ಪಟ್ಟಿಗೂ ಜಾಸ್ತಿ ಆಯಿತು. ಸಾಲ ಮತ್ತು ಬೆಲೆ ಒಟ್ಟಿಗೆ ಓಡುವುದು ಅಂದರೆ ಇದೇ.

ಇಲ್ಲಿ ಹಿಂದಿನ ಎರಡು ನಿರ್ಧಾರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಚಿನ್ನ ಏರುತ್ತಲೇ ಇದ್ದ 2012ರ ಮಾರ್ಚ್‌ನಲ್ಲಿ ಆರ್‌ಬಿಐ ಚಿನ್ನದ ಸಾಲ ಕೊಡುವ ಕಂಪನಿಗಳಿಗೆ ಚಿನ್ನದ ಬೆಲೆಯ ಶೇ 60 ಮಾತ್ರ ಕೊಡಿ ಅಂತ ಮಿತಿ ಹಾಕಿತು. ಕಂಪನಿಗಳು ಕೂಗಾಡಿದವು. 2013ರ ಏಪ್ರಿಲ್‌ನಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಎರಡೇ ವಹಿವಾಟಿನ ದಿನಗಳಲ್ಲಿ ಚಿನ್ನ ಶೇ 10ಕ್ಕೂ ಜಾಸ್ತಿ ಬಿತ್ತು. ಆ ಮಿತಿ ಇದ್ದದ್ದರಿಂದ ಹೊಸ ಸಾಲಗಳಿಗೆ ದೊಡ್ಡ ಅಂತರ ಉಳಿದಿತ್ತು. 2020ರ ಆಗಸ್ಟ್‌ನಲ್ಲಿ, ಕೋವಿಡ್ ಕಷ್ಟಕ್ಕೆ, ಬ್ಯಾಂಕುಗಳಿಗೆ ಶೇ 90ರವರೆಗೆ ಕೊಡಲು ಬಿಟ್ಟರು. ಅದಕ್ಕೆ ಕೊನೆಯ ದಿನವನ್ನೂ ಅಲ್ಲೇ ಬರೆದರು: 2021ರ ಮಾರ್ಚ್ 31. ಆ ದಿನ ಅದು ಮುಗಿಯಿತು.

2025ರ ಜೂನ್‌ನಲ್ಲಿ ಬಂದ ನಿಯಮ ಹೀಗಿಲ್ಲ. 2026ರ ಏಪ್ರಿಲ್‌ನಿಂದ ಜಾರಿ ಅಂತ ಹೇಳಿದ ಈ ನಿಯಮದಲ್ಲಿ ₹2.5 ಲಕ್ಷದವರೆಗಿನ ಸಾಲಕ್ಕೆ ಮೊದಲಿನ ಶೇ 75ರ ಬದಲು ಶೇ 85, ₹5 ಲಕ್ಷದವರೆಗೆ ಶೇ 80. ಅವಧಿ ಮುಗಿದಾಗ ಒಟ್ಟಿಗೆ ಕಟ್ಟುವ ಸಾಲವಾದರೆ ಬಡ್ಡಿಯನ್ನೂ ಈ ಮಿತಿಯೊಳಗೇ ಲೆಕ್ಕ ಹಾಕಬೇಕು ಅನ್ನುವ ಷರತ್ತು ಒಳ್ಳೆಯದು. ಸಣ್ಣವರಿಗೆ ಅನುಕೂಲ ಮಾಡಬೇಕು ಅನ್ನುವ ಉದ್ದೇಶವೂ ಸರಿ. ಆದರೆ ಚಿನ್ನದ ಬೆಲೆ ದಾಖಲೆ ಮುಟ್ಟುತ್ತಿದ್ದ ಹೊತ್ತಿನಲ್ಲಿ, ಕೊನೆಯ ದಿನ ಇಲ್ಲದೆ ಕೊಟ್ಟ ಸಡಿಲಿಕೆ ಇದು.

₹1 ಲಕ್ಷದ ಸರ ಇಟ್ಟು ₹60,000 ತಂದ ಮನೆಗೆ, ಚಿನ್ನ ಶೇ 13 ಬಿದ್ದರೂ ಆ ಸರಕ್ಕೆ ₹87,000 ಬೆಲೆ ಇರುತ್ತದೆ. ಬಿಡಿಸಿಕೊಳ್ಳಲು ಕಾರಣ ಇರುತ್ತದೆ. ₹85,000 ತಂದ ಮನೆಗೆ ಉಳಿಯುವುದು ಎರಡು ಸಾವಿರದ ಅಂತರ. ಬೆಲೆ ಇನ್ನೂ ಎರಡು ಮೂರು ಅಂಶ ಬಿದ್ದರೆ ಕಂಪನಿ ಹರಾಜಿನ ನೋಟಿಸ್ ಕಳಿಸುತ್ತದೆ. ಎಲ್ಲ ಕಂಪನಿಗಳೂ ಒಟ್ಟಿಗೆ ಹರಾಜಿಗೆ ಇಳಿದರೆ ಬೆಲೆ ಇನ್ನೂ ಕೆಳಗೆ ಹೋಗಬಹುದು. ಬ್ಯಾಂಕುಗಳು ಈಗ ಗಟ್ಟಿಯಾಗಿವೆ, ವಸೂಲಾಗದ ಸಾಲ ಶೇ 3ಕ್ಕಿಂತ ಕೆಳಗಿದೆ, ಹಾಗಾಗಿ ಅವು ಈ ಪೆಟ್ಟು ತಡೆದುಕೊಳ್ಳುತ್ತವೆ. ಆದರೆ ಮನೆಯ ಕೊನೆಯ ಆಸ್ತಿ ಅಂತ ಇಟ್ಟಿದ್ದ ಚಿನ್ನವೂ ಹೋದ ಮೇಲೆ ಸಾಲಕ್ಕೆ ಆ ಕುಟುಂಬ ಹೋಗುವುದು ಮೀಟರ್ ಬಡ್ಡಿಯವರ ಬಳಿಗೆ. ಚಿನ್ನ ಏರುತ್ತಿರುವಾಗಲೇ ಈ ಮಿತಿಯನ್ನು ಮತ್ತೆ ಪರಿಶೀಲಿಸುವ ದಿನಾಂಕವೊಂದನ್ನು ಆರ್‌ಬಿಐ ಪ್ರಕಟಿಸಬೇಕು.